ಟೆಂಟಿನ ಆಸ್ಪತ್ರೆಯವರು: ಹೊರದೇಶಕ್ಕೆ ನೆರವಿಗೆ ಹೋಗುವ ಸೇನಾ ವೈದ್ಯ ತಂಡಗಳ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಪ್ರತಿ ವರ್ಷ ಡಿಸೆಂಬರ್ 7ರಂದು, ಸಶಸ್ತ್ರ ಪಡೆಗಳ ಧ್ವಜ ದಿನಕ್ಕೆ, ನಮ್ಮ ಕಡೆಯ ಶಾಲೆಗಳಲ್ಲಿ ಎರಡು ಮಾತು ಹೇಳಿ ಅಂತ ಕರೆಯುತ್ತಾರೆ. ನಾನು ಸೈನಿಕನಲ್ಲ, ಡಾಕ್ಟರೂ ಅಲ್ಲ. ಸೇನೆಯ ಆಸ್ಪತ್ರೆಗಳ ಬಗ್ಗೆ ಓದುವ ಹುಚ್ಚು ಹತ್ತಿಸಿಕೊಂಡವನು, ಅಷ್ಟೇ. ಮಕ್ಕಳು, ಮೇಷ್ಟ್ರುಗಳು, ಕೊನೇ ಬೆಂಚಿನಲ್ಲಿ ಕೂತ ಅಪ್ಪ ಅಮ್ಮಂದಿರು ಕೇಳುವ ಪ್ರಶ್ನೆಗಳು ಹೆಚ್ಚೂ ಕಡಿಮೆ ಅವೇ. ಒಂದು ಸಲ ಬರೆದಿಟ್ಟರೆ ಎಲ್ಲರಿಗೂ ಆಗುತ್ತದೆ ಅಂತ ಇಲ್ಲಿ ಸೇರಿಸಿದ್ದೇನೆ.

ಯಾರ ಬಗ್ಗೆ ಹೇಳ್ತಿದ್ದೀರಿ? ಮಿಲಿಟ್ರಿ ಡಾಕ್ಟ್ರು ಯುದ್ಧಕ್ಕಲ್ವಾ ಇರೋದು?

ಯುದ್ಧಕ್ಕೇ. ಆದರೆ ಯುದ್ಧ ದಿನಾ ನಡೆಯುವುದಿಲ್ಲ. ಗುಂಡೇಟು ಬಿದ್ದವರನ್ನು ಬಯಲಿನಲ್ಲಿ, ಕರೆಂಟು ನೀರು ಇಲ್ಲದ ಕಡೆ ಉಳಿಸಿಕೊಳ್ಳಲು ಕಲಿತವರು ಭೂಕಂಪ, ಸುನಾಮಿ, ಚಂಡಮಾರುತದಲ್ಲೂ ಅದೇ ಕೆಲಸ ಮಾಡಬಲ್ಲರು. ಎರಡೂ ಕಡೆ ಕಷ್ಟ ಒಂದೇ: ಒಂದೇ ಸಲ ನೂರಾರು ಗಾಯಾಳುಗಳು, ಹತ್ತಿರದಲ್ಲಿ ನಿಂತ ಆಸ್ಪತ್ರೆ ಇಲ್ಲ.

ಭಾರತದಲ್ಲಿ ಈ ಕೆಲಸಕ್ಕೆ ಹೆಸರಾದ ಘಟಕ ಆಗ್ರಾದಲ್ಲಿರುವ 60 ಪ್ಯಾರಾ ಫೀಲ್ಡ್ ಆಸ್ಪತ್ರೆ. ಇದು ಸೇನಾ ವೈದ್ಯಕೀಯ ದಳದ್ದು, ಅಂದರೆ ಆರ್ಮಿ ಮೆಡಿಕಲ್ ಕೋರ್‌ನದು. ಆ ದಳ ಹುಟ್ಟಿದ್ದು 1943ರ ಏಪ್ರಿಲ್ 3ರಂದು. ಅದರ ಧ್ಯೇಯವಾಕ್ಯ ನಮಗೆಲ್ಲ ಗೊತ್ತಿರುವ ಶ್ಲೋಕದ್ದೇ ತುಂಡು: ಸರ್ವೇ ಸಂತು ನಿರಾಮಯಾಃ. ಗಮನಿಸಿ, ನಮ್ಮವರು ಮಾತ್ರ ಅಂತ ಅದರಲ್ಲಿಲ್ಲ.

ಫೀಲ್ಡ್ ಆಸ್ಪತ್ರೆ ಅಂದ್ರೆ ಕ್ಯಾಂಪ್ ತರಹಾನಾ?

ಊರಲ್ಲಿ ಕಣ್ಣಿನ ತಪಾಸಣೆ ಕ್ಯಾಂಪ್ ಹಾಕುತ್ತಾರಲ್ಲ, ಅದಲ್ಲ. ಇದರಲ್ಲಿ ಆಪರೇಷನ್ ಥಿಯೇಟರ್ ಇರುತ್ತದೆ. ಎಕ್ಸ್‌ರೇ, ಲ್ಯಾಬ್, ವೆಂಟಿಲೇಟರ್, ಆಕ್ಸಿಜನ್ ತಯಾರಿಸುವ ಯಂತ್ರ, ಜನರೇಟರ್, ಒತ್ತಡದ ಹಬೆಯಲ್ಲಿ ಉಪಕರಣ ಶುದ್ಧ ಮಾಡುವ ಆಟೊಕ್ಲೇವ್ ಇರುತ್ತವೆ. ಒಳರೋಗಿಗಳಿಗೆ ಹಾಸಿಗೆ ಇರುತ್ತದೆ. ನಮ್ಮ ಒಂದು ತಾಲೂಕು ಆಸ್ಪತ್ರೆಯನ್ನು ಮಡಚಿ ಪೆಟ್ಟಿಗೆಗೆ ತುಂಬಿ ವಿಮಾನಕ್ಕೆ ಹಾಕಿದ ಹಾಗೆ ಅಂದುಕೊಳ್ಳಿ.

ಇದಕ್ಕೆ ಲೋಕಕ್ಕೆಲ್ಲ ಒಂದು ಅಳತೆಯೂ ಇದೆ. 2010ರ ಹೈಟಿ ಭೂಕಂಪಕ್ಕೆ ಎಲ್ಲೆಲ್ಲಿಂದಲೋ ವೈದ್ಯ ತಂಡಗಳು ಬಂದು ಇಳಿದವು. ಯಾರಿಗೆ ಏನು ಬರುತ್ತದೆ ಅಂತಲೇ ತಿಳಿಯದೆ ಗೊಂದಲವಾಯಿತು. ಆಮೇಲೆ ವಿಶ್ವ ಆರೋಗ್ಯ ಸಂಸ್ಥೆ ತಂಡಗಳನ್ನು ಮೂರು ದರ್ಜೆ ಮಾಡಿತು. ಒಂದನೆಯದು ಹೊರರೋಗಿಗಳನ್ನು ಮಾತ್ರ ನೋಡುವುದು. ಎರಡನೆಯದು ಕನಿಷ್ಠ 20 ಹಾಸಿಗೆ ಇಟ್ಟು ಹಗಲು ರಾತ್ರಿ ಆಪರೇಷನ್ ಮಾಡಬಲ್ಲದ್ದು. ಮೂರನೆಯದು ಐಸಿಯು ಸಮೇತ ದೊಡ್ಡಾಸ್ಪತ್ರೆಯಷ್ಟೇ ಗಟ್ಟಿಯಾದದ್ದು.

ಹೆಸರಲ್ಲಿ ‘ಪ್ಯಾರಾ’, ಅಂದ್ರೆ ಪ್ಯಾರಾಶೂಟ್ ಯಾಕೆ? ಡಾಕ್ಟ್ರು ವಿಮಾನದಿಂದ ಹಾರ್ತಾರಾ?

ಹೌದು, ಹಾರುತ್ತಾರೆ. ಮಕ್ಕಳಿಗೆ ಇದೇ ಜಾಸ್ತಿ ಇಷ್ಟ. ಈ ಘಟಕಕ್ಕೆ ಸೇರುವವರು ಡಾಕ್ಟರ್ ಆಗಲಿ, ನರ್ಸಿಂಗ್ ಅಸಿಸ್ಟೆಂಟ್ ಆಗಲಿ, ಪ್ಯಾರಾಶೂಟ್ ತರಬೇತಿ ಮುಗಿಸಬೇಕು. ಅದಾದ ಮೇಲೆಯೇ ಕುಂಕುಮಗಂದು ಬಣ್ಣದ ಟೋಪಿ, ಅದೇ ಮರೂನ್ ಬೆರೆ. ಆಸ್ಪತ್ರೆಯ ಸಾಮಾನನ್ನೂ ಮೇಲಿನಿಂದ ಇಳಿಬಿಡುವ ಹಾಗೆ ಕಟ್ಟಿರುತ್ತಾರೆ.

ಹೊರದೇಶದ ನೆರವಿಗೆ ಹೋದಾಗ ಸಾಮಾನ್ಯವಾಗಿ ಹಾರುವ ಪ್ರಸಂಗ ಬರುವುದಿಲ್ಲ, ವಿಮಾನ ಇಳಿಯುತ್ತದೆ. ಆದರೂ ಆ ತರಬೇತಿಯ ಲಾಭ ಬೇರೆ ರೀತಿ ಸಿಗುತ್ತದೆ. ಕರೆ ಬಂದ ಕೆಲವೇ ಗಂಟೆಗಳಲ್ಲಿ ಹೊರಡುವ ಅಭ್ಯಾಸ ಇವರಿಗೆ ಮೊದಲೇ ಇರುತ್ತದೆ. ಪೆಟ್ಟಿಗೆ ಕಟ್ಟಿಯೇ ಇರುತ್ತದೆ. ಯಾವ ಪೆಟ್ಟಿಗೆಯಲ್ಲಿ ಏನಿದೆ ಅನ್ನೋದು ಕತ್ತಲಲ್ಲೂ ಗೊತ್ತಿರುತ್ತದೆ.

ಟರ್ಕಿಯಲ್ಲಿ ನಿಜವಾಗಿ ಏನು ಮಾಡಿದರು?

2023ರ ಫೆಬ್ರವರಿ 6ರ ಬೆಳಗಿನ ಜಾವ, ಜನ ಮಲಗಿದ್ದಾಗ, 7.8ರ ಭೂಕಂಪ. ಮಧ್ಯಾಹ್ನದ ಹೊತ್ತಿಗೆ ಇನ್ನೊಂದು, ಅದೂ ಏಳೂವರೆಯ ಆಸುಪಾಸಿನದು. ಟರ್ಕಿಯೊಂದರಲ್ಲೇ 50 ಸಾವಿರಕ್ಕೂ ಹೆಚ್ಚು ಜನ ಸತ್ತರು. ಪಕ್ಕದ ಸಿರಿಯಾದಲ್ಲಿ ಇನ್ನೂ ಸಾವಿರಾರು. ಭಾರತ ಆಪರೇಷನ್ ದೋಸ್ತ್ ಅಂತ ಹೆಸರಿಟ್ಟು ಎರಡು ಬಗೆಯ ತಂಡ ಕಳಿಸಿತು. ಅವಶೇಷದಡಿ ಹುಡುಕಲು ಎನ್‌ಡಿಆರ್‌ಎಫ್, ಅಂದರೆ ರಾಷ್ಟ್ರೀಯ ವಿಪತ್ತು ಸ್ಪಂದನಾ ಪಡೆ; ಚಿಕಿತ್ಸೆಗೆ 60 ಪ್ಯಾರಾ.

ಮರುದಿನವೇ 99 ಜನರ ವೈದ್ಯ ತಂಡ ಆಗ್ರಾದಿಂದ ಸಿ-17 ವಿಮಾನಗಳಲ್ಲಿ ಹೊರಟಿತು. ಅದಾನಾದಲ್ಲಿ ಇಳಿದು, ಹತಾಯ್ ಪ್ರಾಂತ್ಯದ ಇಸ್ಕೆಂಡರುನ್ ಅನ್ನುವ ಬಂದರು ಊರಿಗೆ ಹೋಗಿ 30 ಹಾಸಿಗೆಯ ಆಸ್ಪತ್ರೆ ಎಬ್ಬಿಸಿದರು. ಆ ಊರಿನ ಸರ್ಕಾರಿ ಆಸ್ಪತ್ರೆಯ ಐಸಿಯು ಇದ್ದ ಕಟ್ಟಡವೇ ಕುಸಿದಿತ್ತು. ಅದನ್ನು ನೆನೆದರೆ ಟೆಂಟಿನ ಮುಂದೆ ಸಾಲು ಯಾಕೆ ಬೆಳೆಯಿತು ಅನ್ನೋದು ತಿಳಿಯುತ್ತದೆ. ಸುಮಾರು 12 ದಿನದಲ್ಲಿ 3,600ರಷ್ಟು ರೋಗಿಗಳನ್ನು ನೋಡಿದರು. ದಿನಕ್ಕೆ ಮುನ್ನೂರು. ಚಳಿ ಮೂಳೆ ಕೊರೆಯುತ್ತಿತ್ತು. ಭಾಷೆ ಬರುತ್ತಿರಲಿಲ್ಲ, ಅಲ್ಲಿನ ಸ್ವಯಂಸೇವಕರು ಮಧ್ಯೆ ನಿಂತು ಮಾತು ದಾಟಿಸಿದರು.

ಒಬ್ಬ ಟರ್ಕಿ ಮಹಿಳೆ ನಮ್ಮ ಸೇನೆಯ ಡಾಕ್ಟರ್ ಮೇಜರ್ ಬೀನಾ ತಿವಾರಿಯವರನ್ನು ತಬ್ಬಿ ಕೆನ್ನೆಗೆ ಮುತ್ತಿಡುವ ಫೋಟೊ ಎಲ್ಲರ ಮೊಬೈಲಿಗೂ ಬಂದಿತ್ತು, ನೆನಪಿದೆಯಲ್ಲ? ಅದು ಇದೇ ಆಸ್ಪತ್ರೆಯಲ್ಲಿ ತೆಗೆದದ್ದು.

ಭೂಕಂಪ ಆದ ಮೇಲೆ ಯಾವ ಥರದ ರೋಗಿಗಳು ಬರ್ತಾರೆ? ಬರೀ ಕೈಕಾಲು ಮುರಿದವರಾ?

ಇದು ನನಗೆ ಇಷ್ಟವಾದ ಪ್ರಶ್ನೆ, ಸ್ವಲ್ಪ ಉದ್ದ ಹೇಳುತ್ತೇನೆ.

ಮೊದಲ ದಿನಗಳಲ್ಲಿ ಮುರಿದ ಮೂಳೆ, ಒಡೆದ ತಲೆ, ಜಜ್ಜಿಹೋದ ಕೈಕಾಲು. ಇದರಲ್ಲಿ ಜಜ್ಜಿದ್ದೇ ಮೋಸದ್ದು. ಕಾಂಕ್ರೀಟಿನಡಿ ಗಂಟೆಗಟ್ಟಲೆ ಸಿಕ್ಕಿಕೊಂಡ ಕಾಲಿನಲ್ಲಿ ಮಾಂಸಖಂಡ ಸಾಯುತ್ತಿರುತ್ತದೆ. ಭಾರ ಎತ್ತಿದ ಕೂಡಲೇ ಅಲ್ಲಿ ಕಟ್ಟಿಕೊಂಡಿದ್ದ ಪೊಟ್ಯಾಸಿಯಂ, ಮಾಂಸಖಂಡದ ಪ್ರೋಟೀನ್ ಆದ ಮಯೋಗ್ಲೋಬಿನ್ ಎಲ್ಲ ರಕ್ತಕ್ಕೆ ನುಗ್ಗುತ್ತವೆ. ಒಂದು ಹೃದಯವನ್ನು ನಿಲ್ಲಿಸಬಹುದು, ಇನ್ನೊಂದು ಕಿಡ್ನಿಯನ್ನು ಕಟ್ಟಿಹಾಕಬಹುದು. ಹೊರಗೆ ಬಂದಾಗ ನಗುತ್ತಾ ನೀರು ಕೇಳಿದವರು ಸ್ವಲ್ಪ ಹೊತ್ತಿಗೇ ಹೋಗಿಬಿಡುವುದು ಹೀಗೆ. ಅದಕ್ಕೇ ತಿಳಿದವರು ಕಲ್ಲು ಎತ್ತುವ ಮುಂಚೆಯೇ ಸಲೈನ್ ಹಾಕಲು ಶುರು ಮಾಡುತ್ತಾರೆ. ಇದಕ್ಕೆ ಕ್ರಶ್ ಸಿಂಡ್ರೋಮ್ ಅನ್ನುತ್ತಾರೆ.

ನಾಲ್ಕೈದು ದಿನ ಕಳೆದರೆ ಕೀವು ತುಂಬಿದ ಗಾಯಗಳು. ಕೆಲವರಿಗೆ ಕೈಯನ್ನೋ ಕಾಲನ್ನೋ ತೆಗೆಯದೆ ಬೇರೆ ದಾರಿ ಇರುವುದಿಲ್ಲ. ಗೊತ್ತಿಲ್ಲದ ಭಾಷೆಯ ಮನುಷ್ಯನಿಗೆ ದುಭಾಷಿಯ ಮೂಲಕ ಅದನ್ನು ಹೇಳಿ ಒಪ್ಪಿಸುವುದು ಎಂಥ ಕೆಲಸ, ಯೋಚಿಸಿ.

ಆಮೇಲೆ ಬರುವ ಸಾಲು ಬೇರೆಯದೇ. ಬಿಪಿ ಮಾತ್ರೆ ಮನೆಯೊಳಗೇ ಉಳಿದವರು, ಇನ್ಸುಲಿನ್ ಮುಗಿದವರು, ಕೆಮ್ಮುವ ಮಕ್ಕಳು, ದಿನ ತುಂಬಿದ ಬಸುರಿಯರು. ಭೂಕಂಪ ಆಯ್ತು ಅಂತ ಹೆರಿಗೆ ಮುಂದಕ್ಕೆ ಹೋಗುವುದಿಲ್ಲವಲ್ಲ. ಊರಿನ ಕ್ಲಿನಿಕ್ಕು, ಮೆಡಿಕಲ್ ಶಾಪು ಎರಡೂ ಬಿದ್ದಿರುವಾಗ ಎಲ್ಲಕ್ಕೂ ಟೆಂಟೇ ಗತಿ. ಟಿವಿಯವರು ಹೊರಟುಹೋದ ಮೇಲೆ ನಡೆಯುವ ಕೆಲಸ ಇದು. ಲೆಕ್ಕಕ್ಕೆ ಬಂದರೆ ಇದೇ ಜಾಸ್ತಿ.

ಇದೆಲ್ಲ ಈಚೆಗೆ ಶುರುವಾದದ್ದಾ?

ಅಲ್ಲವೇ ಅಲ್ಲ. ಇದೇ 60ನೇ ಘಟಕ 1942ರಲ್ಲಿ ಎದ್ದದ್ದು. ಅದರ ಹೆಸರು ಹೊರಗೆ ಗೊತ್ತಾದದ್ದು ಕೊರಿಯಾದಲ್ಲಿ. ಅದು ಪ್ರಕೃತಿ ವಿಕೋಪ ಅಲ್ಲ, ಯುದ್ಧ. ಆದರೂ ಆ ಕಥೆ ಹೇಳದೆ ಮುಂದೆ ಹೋಗಲಾರೆ.

1950ರಲ್ಲಿ ಕೊರಿಯಾ ಯುದ್ಧ ಶುರುವಾದಾಗ ನೆಹರೂ ಸರ್ಕಾರ ಕಾದಾಡುವ ಪಡೆ ಕಳಿಸಲಿಲ್ಲ. ಆಸ್ಪತ್ರೆ ಕಳಿಸಿತು. ಆಗ ಅದರ ಹೆಸರು 60 ಪ್ಯಾರಾಶೂಟ್ ಫೀಲ್ಡ್ ಆಂಬುಲೆನ್ಸ್. ಮುಂದಾಳು ಲೆಫ್ಟಿನೆಂಟ್ ಕರ್ನಲ್ ಎ.ಜಿ. ರಂಗರಾಜ್. ಇವರು ಸಾಮಾನ್ಯರಲ್ಲ. 1941ರಲ್ಲಿ ಪ್ಯಾರಾಶೂಟಿನಲ್ಲಿ ಹಾರಿದ ಮೊದಲ ಭಾರತೀಯ ಸೈನಿಕರು ಇಬ್ಬರು, ಅವರಲ್ಲಿ ಒಬ್ಬರು ಈ ಡಾಕ್ಟರು. ಇನ್ನೊಬ್ಬರು ಹವಾಲ್ದಾರ್ ಮೇಜರ್ ಮಥುರಾ ಸಿಂಗ್.

ತಂಡ 1950ರ ನವೆಂಬರ್ 20ರಂದು ಬುಸಾನ್ ಬಂದರಿನಲ್ಲಿ ಇಳಿಯಿತು. ಉತ್ತರದ ಪ್ಯಾಂಗ್ಯಾಂಗ್ ತಲುಪುವಷ್ಟರಲ್ಲಿ ಚೀನಾದ ಸೈನ್ಯ ನುಗ್ಗಿತ್ತು, ಎಲ್ಲರೂ ಹಿಂದಕ್ಕೆ ಹೊರಟಿದ್ದರು. ಸಾಮಾನು ಸಾಗಿಸಲು ಲಾರಿ ಇಲ್ಲ, ಬಿಟ್ಟು ಬನ್ನಿ ಅನ್ನುವ ಮಾತು ಬಂತು. ಆಪರೇಷನ್ ಸಾಮಾನು ಬಿಟ್ಟರೆ ನಾವು ಯಾಕೆ ಬೇಕು, ಅಲ್ವಾ? ರಂಗರಾಜ್ ಬಿಡಲಿಲ್ಲ. ಹುಡುಗರು ಹುಡುಕಿ ಒಂದು ಅನಾಥ ರೈಲ್ವೆ ಇಂಜಿನ್ನು, ಒಂದಿಷ್ಟು ಬೋಗಿ ಕಂಡುಹಿಡಿದರು. ರೈಲಿನ ಕೆಲಸ ಬಲ್ಲವರು ತಂಡದಲ್ಲೇ ಇದ್ದರು. ಬಾಯ್ಲರಿಗೆ ನೀರು ಬೇಕಲ್ಲ? ಸಾಲಾಗಿ ನಿಂತು ಬಕೆಟ್ ಬಕೆಟ್ ದಾಟಿಸಿ ತುಂಬಿಸಿದರು. ಇಡೀ ಆಸ್ಪತ್ರೆಯನ್ನು ಹೇರಿಕೊಂಡು ದಕ್ಷಿಣಕ್ಕೆ ಬಂದರು. ಅವರು ದಾಟಿದ ಮೇಲೆ ಸೇತುವೆಗಳನ್ನು ಸ್ಫೋಟಿಸಲಾಯಿತು.

ಈ ಕಥೆಯಲ್ಲಿ ನನಗೆ ಹಿಡಿಸುವುದು ಕರ್ನಲ್ ಸಾಹೇಬರ ಹಟ ಮಾತ್ರ ಅಲ್ಲ. ಬಕೆಟ್ ಹಿಡಿದವರು. ಅವರ ಹೆಸರು ನಮಗೆ ಗೊತ್ತಿಲ್ಲ.

1951ರ ಮಾರ್ಚ್ 23ರಂದು ಮುನ್‌ಸಾನ್ ಅನ್ನುವ ಕಡೆ ಅಮೆರಿಕದ ಸಾವಿರಾರು ಪ್ಯಾರಾ ಸೈನಿಕರ ಜತೆ ರಂಗರಾಜ್ ಮತ್ತು ಅವರ ಸಣ್ಣ ತಂಡ, ಸುಮಾರು ಹನ್ನೆರಡು ಜನ, ಆಕಾಶದಿಂದ ಇಳಿದು ಗಾಯಾಳುಗಳನ್ನು ನೋಡಿದರು. ಇನ್ನೊಂದು ಭಾಗ ದೇಗು ಊರಿನಲ್ಲಿ ಉಳಿದು ಅಲ್ಲಿನ ಸಾಮಾನ್ಯ ಜನರಿಗೆ ಚಿಕಿತ್ಸೆ ಕೊಟ್ಟಿತು, ಕೊರಿಯಾದ ವೈದ್ಯ ಸಿಬ್ಬಂದಿಗೆ ತರಬೇತಿಯನ್ನೂ ಕೊಟ್ಟಿತು. 1954ರ ಫೆಬ್ರವರಿವರೆಗೆ, ಮೂರು ವರ್ಷಕ್ಕೂ ಹೆಚ್ಚು ಕಾಲ ಅಲ್ಲಿದ್ದರು. ಸುಮಾರು ಎರಡು ಲಕ್ಷ ರೋಗಿಗಳು.

ರಂಗರಾಜ್ ಅವರಿಗೆ ಮಹಾವೀರ ಚಕ್ರ ಬಂತು. ಸೇನೆ ಬಿಟ್ಟ ಮೇಲೂ ಸುಮ್ನೆ ಕೂರಲಿಲ್ಲ. ವಿಶ್ವ ಆರೋಗ್ಯ ಸಂಸ್ಥೆ ಸೇರಿ ಅಫ್ಘಾನಿಸ್ತಾನ, ಬಾಂಗ್ಲಾದೇಶಗಳಲ್ಲಿ ಸಿಡುಬು ಓಡಿಸುವ ಕೆಲಸ ಮಾಡಿದರು.

ಕರ್ನಾಟಕಕ್ಕೆ ಇದರಲ್ಲಿ ಏನಾದ್ರೂ ನಂಟು ಇದೆಯಾ?

ಇದೆ, ಎಳೆದು ತರಬೇಕಾಗಿಲ್ಲ. ಕೊರಿಯಾದಲ್ಲಿ ಕದನ ನಿಂತ ಮೇಲೆ ಯುದ್ಧಕೈದಿಗಳನ್ನು ಅವರವರ ಊರಿಗೆ ಕಳಿಸುವ ತಟಸ್ಥ ದೇಶಗಳ ಆಯೋಗಕ್ಕೆ ಅಧ್ಯಕ್ಷರಾದವರು ಕೊಡಗಿನ ಜನರಲ್ ಕೆ.ಎಸ್. ತಿಮ್ಮಯ್ಯ. ಆ ಕೈದಿಗಳನ್ನು ಕಾಯಲು ಹೋದ ಭಾರತೀಯ ಪಡೆಗೆ ಕೊನೆಯ ತಿಂಗಳುಗಳಲ್ಲಿ ವೈದ್ಯಕೀಯ ಆಸರೆ ಕೊಟ್ಟದ್ದು ಇದೇ 60ನೇ ಘಟಕ. ಮಡಿಕೇರಿಯಲ್ಲಿ ತಿಮ್ಮಯ್ಯನವರು ಹುಟ್ಟಿ ಬೆಳೆದ ಮನೆ ‘ಸನ್ನಿ ಸೈಡ್’ ಈಗ ಮ್ಯೂಸಿಯಂ. 2021ರ ಫೆಬ್ರವರಿಯಲ್ಲಿ ಆಗಿನ ರಾಷ್ಟ್ರಪತಿ ರಾಮನಾಥ ಕೋವಿಂದ್ ಉದ್ಘಾಟಿಸಿದರು. ರಾಜಾಸೀಟಿಗೆ ಹೋದವರು ಅಲ್ಲಿಗೂ ಹೋಗಿ ಬನ್ನಿ.

ಇನ್ನೊಂದು ನಂಟು ಬೆಂಗಳೂರಿನದು. ಪ್ಯಾರಾಶೂಟ್ ರೆಜಿಮೆಂಟಿನ ತರಬೇತಿ ಕೇಂದ್ರ ಇರುವುದು ಬೆಂಗಳೂರಿನಲ್ಲಿ. ಆ ಕಡೆ ಓಡಾಡುವಾಗ ಮರೂನ್ ಟೋಪಿ ಕಾಣುವುದು ಅದಕ್ಕೇ.

ಕೊರಿಯಾ, ಟರ್ಕಿ ಬಿಟ್ಟು ಬೇರೆ ಎಲ್ಲೆಲ್ಲಿ ಹೋಗಿದ್ದಾರೆ?

2004ರ ಸುನಾಮಿಯಲ್ಲಿ ನಮ್ಮ ತೀರವೇ ಒದ್ದೆಯಾಗಿದ್ದಾಗ ನೌಕಾಪಡೆ ಶ್ರೀಲಂಕಾ, ಮಾಲ್ದೀವ್ಸ್, ಇಂಡೊನೇಷ್ಯಾಕ್ಕೂ ಹಡಗು ಕಳಿಸಿತು. ಸಮುದ್ರದ ಆಳ ಅಳೆಯುವ ಸರ್ವೆ ಹಡಗುಗಳಾದ ಐಎನ್‌ಎಸ್ ಜಮುನಾ ಮತ್ತು ಐಎನ್‌ಎಸ್ ನಿರೂಪಕ್ ಆಸ್ಪತ್ರೆಗಳಾಗಿ ಬದಲಾದವು. 2015ರ ಏಪ್ರಿಲ್ 25ರ ನೇಪಾಳ ಭೂಕಂಪಕ್ಕೆ ಆಪರೇಷನ್ ಮೈತ್ರಿ. 2018ರಲ್ಲಿ ಇಂಡೊನೇಷ್ಯಾದ ಪಾಲು ಊರಿಗೆ ಭೂಕಂಪ, ಸುನಾಮಿ ಎರಡೂ ಬಡಿದಾಗ ಸಮುದ್ರ ಮೈತ್ರಿ.

2025ರ ಮಾರ್ಚ್ 28ರಂದು ಮ್ಯಾನ್ಮಾರ್‌ನಲ್ಲಿ 7.7ರ ಭೂಕಂಪ. ಆಪರೇಷನ್ ಬ್ರಹ್ಮ ಅಂತ ಹೆಸರಿಟ್ಟು 118 ಜನರ ವೈದ್ಯ ತಂಡ ಹೋಯಿತು. ಮಾಂಡಲೆಯ ವಿಮಾನ ನಿಲ್ದಾಣ ಹಾಳಾಗಿತ್ತು. ಹಾಗಾಗಿ ರಾಜಧಾನಿ ನೇಪಿಡಾದಲ್ಲಿ ಇಳಿದು, ರಸ್ತೆ ಹಿಡಿದು ಹೋಗಿ ಮಾಂಡಲೆಯಲ್ಲಿ ಆಸ್ಪತ್ರೆ ಹಾಕಿದರು. ಎರಡು ವಾರದಲ್ಲಿ ಸುಮಾರು 2,500 ಜನರಿಗೆ ಚಿಕಿತ್ಸೆ. ಅದೇ ವರ್ಷದ ಕೊನೆಗೆ ದಿತ್ವಾ ಚಂಡಮಾರುತದಿಂದ ಶ್ರೀಲಂಕಾ ನಲುಗಿದಾಗ ಮಹಿಯಂಗನದಲ್ಲಿ ಮತ್ತೆ ಟೆಂಟು.

ಮಾಂಡಲೆ ಅಂದರೆ ಹಳಬರಿಗೆ ತಿಲಕರ ಜೈಲು ನೆನಪಾಗುತ್ತದೆ. ಇನ್ನು ಮುಂದೆ ಇದೂ ನೆನಪಿರಲಿ.

ಕರೆಯದೇ ಹೋಗಬಹುದಾ? ಗನ್ ತಗೊಂಡು ಹೋಗ್ತಾರಾ?

ಕರೆಯದೆ ಹೋಗುವ ಹಾಗಿಲ್ಲ. ನೊಂದ ದೇಶ ಕೇಳಬೇಕು, ಇಲ್ಲವೇ ಒಪ್ಪಬೇಕು. ಇದಕ್ಕೆ ಆಸ್ಲೊ ಮಾರ್ಗಸೂಚಿ ಅಂತ 1994ರಿಂದ ಒಂದು ಒಡಂಬಡಿಕೆ ಇದೆ. ಕಾನೂನಿನಷ್ಟು ಬಿಗಿಯಲ್ಲ, ಆದರೂ ಎಲ್ಲರೂ ಮುಂದಿಟ್ಟುಕೊಳ್ಳುತ್ತಾರೆ. ಅದರ ಪ್ರಕಾರ ಪರದೇಶದ ಸೇನೆಯ ನೆರವು ಕೊನೆಯ ಆಯ್ಕೆ. ಸಾಮಾನ್ಯವಾಗಿ ಆಯುಧವಿಲ್ಲದೆ ಬರಬೇಕು, ನೊಂದವರಿಂದ ಖರ್ಚು ಕೇಳಬಾರದು.

ಸೇನಾ ವೈದ್ಯರ ಗುರುತು ಕೆಂಪು ಕ್ರಾಸ್. ಒಂದು ಮಾತು ಇಲ್ಲಿ ಹೇಳಿಬಿಡುತ್ತೇನೆ. ಆ ಕೆಂಪು ಕ್ರಾಸನ್ನು ನಮ್ಮಲ್ಲಿ ಪ್ರತಿ ಕ್ಲಿನಿಕ್ಕು, ಮೆಡಿಕಲ್ ಶಾಪಿನ ಬೋರ್ಡಿಗೂ ಬರೆಯುತ್ತಾರೆ. 1960ರ ಜಿನೀವಾ ಒಪ್ಪಂದಗಳ ಕಾಯ್ದೆ ಪ್ರಕಾರ ಅದನ್ನು ಹಾಗೆಲ್ಲ ಬಳಸುವಂತಿಲ್ಲ. ಗೌರವ ಅಲ್ಲಿಂದಲೂ ಶುರು ಮಾಡಬಹುದು: ನಿಮಗೆ ಗೊತ್ತಿರುವ ಡಾಕ್ಟರಿಗೆ ಹೇಳಿ, ಬೋರ್ಡಿನ ಬಣ್ಣ ಬದಲಿಸಲಿ.

ಸರ್ಕಾರ ಇವರನ್ನು ಹೇಗೆ ಗೌರವಿಸುತ್ತದೆ?

ಪದಕಗಳಿವೆ. ಸೇನಾ ಮೆಡಲ್, ವಿಶಿಷ್ಟ ಸೇವಾ ಪದಕ, ಎರಡೂ 1960ರಲ್ಲಿ ಶುರುವಾದವು. ಹೊರದೇಶದ ಸೇವೆಗೆ ವಿದೇಶ ಸೇವಾ ಪದಕ ಇದೆ. ಅದರ ರಿಬ್ಬನ್ನಿನ ಮೇಲೆ ಒಂದು ಸಣ್ಣ ಲೋಹದ ಪಟ್ಟಿ, ಅದರಲ್ಲಿ ದೇಶದ ಹೆಸರು. ಕೊರಿಯಾ ಅಂತ ಬರೆದದ್ದೂ ಇದೆ. ಇವಲ್ಲದೆ ಸೇನಾ ಮುಖ್ಯಸ್ಥರ ಕಮೆಂಡೇಶನ್ ಕಾರ್ಡ್, ಅಂದರೆ ಮೆಚ್ಚುಗೆ ಪತ್ರ. ಕೆಳಗಿನ ರ‍್ಯಾಂಕಿನವರಿಗೆ ಹೆಚ್ಚಾಗಿ ಸಿಗುವುದು ಇದೇ, ಅವರು ಜೋಪಾನವಾಗಿ ಇಟ್ಟುಕೊಳ್ಳುವುದೂ ಇದನ್ನೇ. ಸೇನಾ ನರ್ಸಿಂಗ್ ಸೇವೆಯವರಿಗೆ ರಾಷ್ಟ್ರಪತಿ ಕೊಡುವ ಫ್ಲಾರೆನ್ಸ್ ನೈಟಿಂಗೇಲ್ ಪ್ರಶಸ್ತಿಯೂ ಬಂದಿದೆ.

ಇಡೀ ಘಟಕಕ್ಕೆ ಕೊಡುವ ಗೌರವ ಬೇರೆ. ಕೊರಿಯಾದಿಂದ ಬಂದ ಮೇಲೆ, 1955ರಲ್ಲಿ, ರಾಷ್ಟ್ರಪತಿ ರಾಜೇಂದ್ರ ಪ್ರಸಾದ್ 60ನೇ ಘಟಕಕ್ಕೆ ರಾಷ್ಟ್ರಪತಿಗಳ ಟ್ರೋಫಿ ಕೊಟ್ಟರು. ಟರ್ಕಿಯಿಂದ ಬಂದವರನ್ನು 2023ರ ಫೆಬ್ರವರಿ 20ರಂದು ಪ್ರಧಾನಿ ಭೇಟಿಯಾದರು, ಮರುದಿನ ಸೇನಾ ಮುಖ್ಯಸ್ಥರು ಸನ್ಮಾನಿಸಿದರು.

ಬೇರೆ ದೇಶದವರು ಪದಕ ಕೊಟ್ಟರೆ ತಗೋಬಹುದಾ?

ಸುಮ್ನೆ ತೆಗೆದುಕೊಂಡು ಎದೆಗೆ ಚುಚ್ಚಿಕೊಳ್ಳುವ ಹಾಗಿಲ್ಲ, ಸರ್ಕಾರದ ಒಪ್ಪಿಗೆ ಬೇಕು. ಪರದೇಶದ ಬಿರುದು ಬೇಡವೆಂದು ಸಂವಿಧಾನದ 18ನೇ ವಿಧಿಯೇ ಹೇಳುತ್ತದೆ.

ಕೊರಿಯಾದವರು ಇದನ್ನು ಬೇರೆ ಥರ ಮಾಡಿದರು. ಬುಸಾನ್‌ನ ತೇಜಾಂಗ್ದೆ ಅನ್ನುವ ಕಡಲಬಂಡೆಯ ಹತ್ತಿರ ವೈದ್ಯ ತಂಡ ಕಳಿಸಿದ ದೇಶಗಳಿಗೆ ಅಂತಲೇ ಒಂದು ಸ್ಮಾರಕ ಕಟ್ಟಿದರು, 1976ರಲ್ಲಿ. ಭಾರತ, ಸ್ವೀಡನ್, ಡೆನ್ಮಾರ್ಕ್, ನಾರ್ವೆ, ಇಟಲಿ ಹೆಸರುಗಳು ಅಲ್ಲಿವೆ. ಸೈನಿಕರಿಗೆ ಸ್ಮಾರಕ ಎಲ್ಲ ಕಡೆ ಇದೆ. ಬ್ಯಾಂಡೇಜು ಕಟ್ಟಿದವರಿಗೆ ಅಂತ ಕಲ್ಲು ನೆಟ್ಟಿದ್ದು ಅಪರೂಪ. 2020ರ ಜುಲೈ ತಿಂಗಳ ಯುದ್ಧವೀರ ಅಂತ ರಂಗರಾಜ್ ಅವರನ್ನು ಅಲ್ಲಿನ ಸರ್ಕಾರ ಆರಿಸಿತು, ಎಪ್ಪತ್ತು ವರ್ಷ ಕಳೆದ ಮೇಲೆ! 2021ರ ಮಾರ್ಚ್‌ನಲ್ಲಿ ದೆಹಲಿ ಕಂಟೋನ್ಮೆಂಟಿನಲ್ಲಿ ಭಾರತ–ಕೊರಿಯಾ ಸ್ನೇಹ ಉದ್ಯಾನ ತೆರೆದರು. ಅಲ್ಲಿ ನಮ್ಮ ತಿಮ್ಮಯ್ಯನವರ ಪ್ರತಿಮೆ, 60ನೇ ಘಟಕದ ಕೊರಿಯಾ ಕಥೆ ಹೇಳುವ ಕಂಬಗಳು ಇವೆ.

ಪೇಪರಿನಲ್ಲಿ ಯಾವಾಗಲೂ ಡಾಕ್ಟರ ಫೋಟೊನೇ ಬರುತ್ತಲ್ಲ?

ನನ್ನ ತಕರಾರೂ ಅದೇ. 99 ಜನರ ತಂಡದಲ್ಲಿ ಡಾಕ್ಟರುಗಳು ಕೆಲವರು. ಉಳಿದವರು ಯಾರು? ನರ್ಸಿಂಗ್ ಅಸಿಸ್ಟೆಂಟ್, ಆಪರೇಷನ್ ರೂಮ್ ಅಸಿಸ್ಟೆಂಟ್, ಲ್ಯಾಬಿನವರು, ಎಕ್ಸ್‌ರೇಯವರು, ಆಂಬುಲೆನ್ಸ್ ಅಸಿಸ್ಟೆಂಟ್, ಡ್ರೈವರ್, ಜನರೇಟರ್ ನೋಡುವವರು, ಅಡುಗೆಯವರು, ಸ್ಟೋರ್ ಲೆಕ್ಕ ಬರೆಯುವವರು. ಆಟೊಕ್ಲೇವ್ ಕೈಕೊಟ್ಟರೆ ಎಂಥ ಸರ್ಜನ್ ಇದ್ದರೂ ಚಾಕು ಹಿಡಿಯುವ ಹಾಗಿಲ್ಲ. ರಾತ್ರಿ ಎರಡಕ್ಕೆ ಜನರೇಟರ್ ನಿಂತರೆ ವೆಂಟಿಲೇಟರಿನ ಕಥೆ ಏನು?

ಅವರನ್ನು ಅಲ್ಲಿಗೆ ತಲುಪಿಸುವವರೂ ಇದ್ದಾರೆ. ಸಿ-17ರ ಹೊಟ್ಟೆಗೆ ಆಸ್ಪತ್ರೆಯನ್ನು ತೂಕ ನೋಡಿ ಜೋಡಿಸುವ ಲೋಡ್‌ಮಾಸ್ಟರ್, ಪೈಲಟ್. ಟರ್ಕಿಗೆ ಹೊರಟ ಎನ್‌ಡಿಆರ್‌ಎಫ್‌ನವರಲ್ಲಿ ಬಹಳ ಜನರಿಗೆ ಪಾಸ್‌ಪೋರ್ಟೇ ಇರಲಿಲ್ಲ. ರಾತ್ರೋರಾತ್ರಿ ನೂರಕ್ಕೂ ಹೆಚ್ಚು ಪಾಸ್‌ಪೋರ್ಟ್ ಮಾಡಿಕೊಟ್ಟ ಗುಮಾಸ್ತರನ್ನು ಯಾರೂ ಸನ್ಮಾನಿಸಿದ ಹಾಗೆ ಕಾಣೆ.

ಹೀಗಾಗಿ ಗೌರವ ಅಂದಾಗ ನಾನು ಒಬ್ಬರ ಹೆಸರಿಗಿಂತ ಘಟಕದ ನಂಬರ್ ಹೇಳುತ್ತೇನೆ. ಅರವತ್ತು. ಮಕ್ಕಳಿಗೂ ಬೇಗ ನೆನಪಿರುತ್ತದೆ.

ಟರ್ಕಿ ಆಮೇಲೆ ಪಾಕಿಸ್ತಾನದ ಪರ ನಿಂತಿತಲ್ಲ. ನಾವು ಮಾಡಿದ ಸಹಾಯ ದಂಡ ಅಲ್ವಾ?

2025ರ ಮೇ ತಿಂಗಳ ಭಾರತ–ಪಾಕಿಸ್ತಾನ ಸಂಘರ್ಷದ ನಂತರ ಈ ಪ್ರಶ್ನೆ ಎಲ್ಲ ಕಡೆ ಕೇಳಿ ಬಂತು. ಕೇಳುವವರ ಸಿಟ್ಟು ನನಗೆ ಅರ್ಥವಾಗುತ್ತದೆ. ಟರ್ಕಿ ಸರ್ಕಾರದ ನಿಲುವನ್ನು ಟೀಕಿಸಿ, ಅಲ್ಲಿಗೆ ಟೂರ್ ಹೋಗಬೇಡಿ, ಅದು ನಿಮಗೆ ಬಿಟ್ಟದ್ದು. ಆದರೆ ಇಸ್ಕೆಂಡರುನ್‌ನಲ್ಲಿ ಸಾಲು ನಿಂತವರು ವಿದೇಶಾಂಗ ಮಂತ್ರಿಗಳಲ್ಲ. ಮಗುವಿನ ಕಾಲು ಮುರಿದಿದ್ದ ತಂದೆ, ಇನ್ಸುಲಿನ್ ಇಲ್ಲದ ಮುದುಕಿ. ಅವರಿಗೆ ಹಾಕಿದ ಪಟ್ಟಿಗೆ ಬಡ್ಡಿ ಬರಬೇಕು ಅಂತ ಯಾರೂ ಕಟ್ಟಿರಲಿಲ್ಲ. ಡಾಕ್ಟರು ರೋಗಿಯ ನಾಡಿ ಹಿಡಿಯುತ್ತಾರೆ, ವೋಟರ್ ಐಡಿ ಕೇಳುವುದಿಲ್ಲ.

ಇನ್ನೊಂದು. ಹೋದವರು ಆದೇಶ ಪಾಲಿಸಿ ಹೋದರು, ಚೆನ್ನಾಗಿ ಕೆಲಸ ಮಾಡಿ ಬಂದರು. ಎರಡು ದೇಶಗಳ ನಡುವೆ ಆಮೇಲೆ ಏನಾಯಿತು ಅನ್ನುವುದನ್ನು ಅವರ ಲೆಕ್ಕಕ್ಕೆ ಬರೆಯುವುದು ಅನ್ಯಾಯ.

ಹಾಗಾದ್ರೆ ಇದರಲ್ಲಿ ಪ್ರಚಾರ ಇಲ್ವೇ ಇಲ್ವಾ?

ಇದೆ. ಯಾವ ದೇಶವೂ ಬಾವುಟ ಅಂಟಿಸದೆ ನೆರವು ಕಳಿಸುವುದಿಲ್ಲ. ಅಮೆರಿಕದ ಮರ್ಸಿ, ಕಂಫರ್ಟ್ ಅನ್ನುವ ಸಾವಿರ ಹಾಸಿಗೆಯ ಹಡಗುಗಳು, ಚೀನಾದ ಆಸ್ಪತ್ರೆ ಹಡಗು, ಇಸ್ರೇಲಿನ ಫೀಲ್ಡ್ ಆಸ್ಪತ್ರೆ, ಎಲ್ಲದರಲ್ಲೂ ಸ್ನೇಹದ ಜತೆ ಲೆಕ್ಕಾಚಾರ ಇದೆ. ಕಾರ್ಯಾಚರಣೆಗೆ ‘ದೋಸ್ತ್’ ಅಂತ ಹೆಸರಿಡುವುದರಲ್ಲೇ ಅದು ಗೊತ್ತಾಗುತ್ತದೆ. ಹಾಗಂತ ಕೂಡಿಸಿದ ಮೂಳೆ ಸುಳ್ಳಾಗುವುದಿಲ್ಲ.

ನಮ್ಮೂರಿನ ಒಬ್ಬರು ಇಂಥ ತಂಡದಲ್ಲಿದ್ದರು. ಸನ್ಮಾನ ಮಾಡಬೇಕು, ಹೇಗೆ?

ಒಳ್ಳೆಯ ಯೋಚನೆ. ಆದರೆ ಒಂದು ಅನುಭವ ಹೇಳುತ್ತೇನೆ. ಕೆಲವು ವರ್ಷದ ಹಿಂದೆ ನಾನು ಹೋಗಿದ್ದ ಒಂದು ಸಮಾರಂಭದಲ್ಲಿ ನಿವೃತ್ತ ನರ್ಸಿಂಗ್ ಅಸಿಸ್ಟೆಂಟ್ ಒಬ್ಬರಿಗೆ ಸನ್ಮಾನ ಇತ್ತು. ಹತ್ತು ಗಂಟೆಗೆ ಬನ್ನಿ ಅಂದಿದ್ದರು. ಮುಖ್ಯ ಅತಿಥಿ ಬಂದದ್ದು ಹನ್ನೆರಡೂವರೆಗೆ. ಸ್ವಾಗತ, ಪ್ರಾಸ್ತಾವಿಕ, ಹಾರ, ತುರಾಯಿ. ಈ ಮನುಷ್ಯನ ಹೆಸರನ್ನು ತಪ್ಪಾಗಿ ಓದಿದರು. ಶಾಲು ಹೊದಿಸಿ, ಪೇಟ ಇಟ್ಟು, ಹಣ್ಣಿನ ಬುಟ್ಟಿ ಕೊಟ್ಟು ಫೋಟೊ ತೆಗೆದು ಕೂರಿಸಿದರು. ಮಾತಾಡಲು ಮೈಕು ಮಾತ್ರ ಕೊಡಲಿಲ್ಲ. ಊಟದ ಹೊತ್ತಿಗೆ ಅವರ ಪಕ್ಕ ಕೂತೆ. ಬಯಲಿನಲ್ಲಿ ಆಪರೇಷನ್ ಬಟ್ಟೆ ಒಣಗಿಸುವುದು ಎಷ್ಟು ಕಷ್ಟ ಅಂತ ಅರ್ಧ ಗಂಟೆ ಹೇಳಿದರು. ಸಭೆಗೆ ಬೇಕಾಗಿದ್ದ ಭಾಷಣ ಅದೇ.

ಹಾಗಾಗಿ: ಹೆಸರು, ರ‍್ಯಾಂಕು, ಘಟಕ ಸರಿಯಾಗಿ ಬರೆದುಕೊಳ್ಳಿ. ಮೊದಲು ಅವರಿಗೆ ಮೈಕು ಕೊಡಿ, ಆಮೇಲೆ ಉಳಿದವರಿಗೆ. ಈಗಲೂ ಸೇವೆಯಲ್ಲಿರುವವರಾದರೆ ಸಭೆಗೆ, ಪತ್ರಿಕೆಗೆ ಮಾತಾಡಲು ಮೇಲಿನವರ ಅನುಮತಿ ಬೇಕಾಗುತ್ತದೆ, ಮುಂಚೆಯೇ ಕೇಳಿ. ರೋಗಿಗಳ ಫೋಟೊ ಪರದೆ ಮೇಲೆ ಹಾಕಬೇಡಿ. ಅವರು ಬೇರೆ ದೇಶದವರಾದರೂ ಯಾರದೋ ಅಮ್ಮ, ಯಾರದೋ ಮಗು. ಮನೆಯವರನ್ನೂ ಕರೆಯಿರಿ, ಮೂಲೆಯಲ್ಲಿ ಕೂರಿಸಬೇಡಿ. ಕರೆ ಬಂದ ರಾತ್ರಿ ಬ್ಯಾಗು ತುಂಬಿಸಿ ಕಳಿಸಿದವರು ಅವರು. ಯಾರಿಗಾದರೂ ಆ ನೆನಪು ಹೇಳಿಕೊಳ್ಳಲು ಇಷ್ಟವಿಲ್ಲದಿದ್ದರೆ ಒತ್ತಾಯ ಬೇಡ. ಕಂಡದ್ದೆಲ್ಲ ಹೇಳುವಂಥದ್ದಾಗಿರುವುದಿಲ್ಲ.

ಹಣ ಕೊಡಬೇಕು ಅನ್ನಿಸಿದರೆ?

ಸಶಸ್ತ್ರ ಪಡೆಗಳ ಧ್ವಜ ದಿನದ ನಿಧಿ ಇದೆ. ಮಾಜಿ ಸೈನಿಕರಿಗೆ, ವೀರಪತ್ನಿಯರಿಗೆ, ಅವರ ಮಕ್ಕಳಿಗೆ ಅದು ಹೋಗುತ್ತದೆ. ನಮ್ಮ ರಾಜ್ಯದಲ್ಲಿ ಸೈನಿಕ ಕಲ್ಯಾಣ ಇಲಾಖೆಯ ಕಚೇರಿಗಳಲ್ಲಿ ವಿಚಾರಿಸಿ. ಶಾಲೆಯಲ್ಲಿ ಕೊಡುವ ಆ ಸಣ್ಣ ಧ್ವಜದ ಸ್ಟಿಕರ್ ಅದಕ್ಕೇ. ವಾಟ್ಸಾಪಿನಲ್ಲಿ ಬರುವ ಖಾತೆ ನಂಬರಿಗೆ ಮಾತ್ರ ಕಳಿಸಬೇಡಿ.

ನನ್ನ ಮಗಳಿಗೆ ಇಂಥ ಕೆಲಸ ಮಾಡೋ ಆಸೆ. ದಾರಿ ಏನು?

ಡಾಕ್ಟರ್ ಆಗಬೇಕಾದರೆ ನೀಟ್ ಬರೆದು ಪುಣೆಯ ಸಶಸ್ತ್ರ ಪಡೆಗಳ ವೈದ್ಯಕೀಯ ಕಾಲೇಜು, ಅಂದರೆ ಎಎಫ್‌ಎಂಸಿ, ಸೇರಬಹುದು. ಬೇರೆ ಕಡೆ ಎಂಬಿಬಿಎಸ್ ಮುಗಿಸಿ ಶಾರ್ಟ್ ಸರ್ವಿಸ್ ಕಮಿಷನ್ ಮೂಲಕವೂ ಹೋಗಬಹುದು. ನರ್ಸಿಂಗ್ ಆದರೆ ಸೇನಾ ನರ್ಸಿಂಗ್ ಕಾಲೇಜುಗಳಲ್ಲಿ ಒಂದು ಬೆಂಗಳೂರಿನ ವಾಯುಪಡೆಯ ಕಮಾಂಡ್ ಆಸ್ಪತ್ರೆಯಲ್ಲೇ ಇದೆ. ಬಹಳ ಜನ ಪೋಷಕರಿಗೆ ಇದು ಗೊತ್ತಿಲ್ಲ. ನಿಯಮ ಆಗಾಗ ಬದಲಾಗುತ್ತವೆ, ಆ ವರ್ಷದ ಪ್ರಕಟಣೆಯನ್ನೇ ನೋಡಿ.

ಸೇರಿದ ಕೂಡಲೇ ವಿಮಾನದಿಂದ ಹಾರಿಸುವುದಿಲ್ಲ. ಪ್ಯಾರಾಗೆ ತಾವಾಗಿ ಮುಂದೆ ಬರಬೇಕು, ಕಠಿಣವಾದ ಪರೀಕ್ಷೆ ದಾಟಬೇಕು.

ಕೆಲಸ ಮುಗಿದ ಮೇಲೆ ಆ ಟೆಂಟು, ಮಷಿನ್ ಎಲ್ಲ ಏನ್ಮಾಡ್ತಾರೆ?

ಆರನೇ ಕ್ಲಾಸಿನ ಒಬ್ಬ ಹುಡುಗ ಕೇಳಿದ್ದು. ದೊಡ್ಡವರು ಯಾರೂ ಕೇಳಿರಲಿಲ್ಲ.

ಉಳಿದ ಔಷಧಿ, ಕೆಲವು ಸಾಮಾನು ಅಲ್ಲಿನವರಿಗೇ ಕೊಟ್ಟು ಬರುವುದುಂಟು. ಮಿಕ್ಕದ್ದು ವಾಪಸ್. ಒಳಗಿರುವ ರೋಗಿಗಳನ್ನು ಊರಿನ ಡಾಕ್ಟರುಗಳಿಗೆ ಕಾಗದ ಪತ್ರ ಸಮೇತ ಒಪ್ಪಿಸಬೇಕು. ಅದು ಆಗದೆ ಟೆಂಟಿನ ಒಂದು ಗೂಟವನ್ನೂ ಕೀಳುವುದಿಲ್ಲ. ಆಮೇಲೆ ಕಸ ಸುಡಬೇಕು, ಸೂಜಿಗಳನ್ನು ಬೇರೆ ಮಾಡಬೇಕು, ನೆಲ ಹೇಗಿತ್ತೋ ಹಾಗೆ ಬಿಡಬೇಕು. ಊರಿಗೆ ಬಂದು, ಹಾರ ಹಾಕಿಸಿಕೊಂಡು, ಮನೆಗೆ ಹೋಗಿ ಬಂದ ಮೇಲೆ ಪೆಟ್ಟಿಗೆಗಳನ್ನೆಲ್ಲ ಬಿಚ್ಚುತ್ತಾರೆ. ಟೆಂಟು ಒಗೆದು ಒಣಗಿಸುತ್ತಾರೆ. ಮಾತ್ರೆಗಳ ಅವಧಿ ನೋಡುತ್ತಾರೆ, ಕಡಿಮೆಯಾದದ್ದನ್ನು ತುಂಬುತ್ತಾರೆ, ಪಟ್ಟಿಗೆ ಟಿಕ್ ಹಾಕುತ್ತಾರೆ, ಮತ್ತೆ ಕಟ್ಟಿಡುತ್ತಾರೆ.

“ಆಮೇಲೆ?” ಅಂದ ಹುಡುಗ.

“ಫೋನ್ ಬರೋವರೆಗೂ ಕಾಯ್ತಾರೆ” ಅಂದೆ.